ಸಾಲ ಮಂಜೂರಾಗಿತ್ತು, ಹಣ ಬರಲಿಲ್ಲ: ಮಂಗಳೂರಿನ ಒಂದು ಮನೆ ಖರೀದಿಯ ಪ್ರಕರಣ

ಇದು 2025ರ ಮೊದಲ ಕೆಲವು ತಿಂಗಳಲ್ಲಿ ಮಂಗಳೂರಿನಲ್ಲಿ ನಡೆದದ್ದು. ಕೊಂಡವರು, ಮಾರಿದವರು ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬಿಟ್ಟಿದ್ದೇನೆ, ಮೊತ್ತಗಳನ್ನು ಸ್ವಲ್ಪ ಬದಲಿಸಿದ್ದೇನೆ. ಸಾಲ ಕೊಟ್ಟ ಕಂಪನಿಯ ಹೆಸರೂ ಹಾಕುವುದಿಲ್ಲ. ಅದರ ಮುಖ್ಯ ಕಚೇರಿ ಬೇರೆ ರಾಜ್ಯದಲ್ಲಿದೆ, ಮಂಗಳೂರಿನಲ್ಲಿರುವುದು ಶಾಖೆ. ಇಷ್ಟು ಗೊತ್ತಿದ್ದರೆ ಸಾಕು.

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಮನೆ ಸಾಲದ ಕಾಗದಪತ್ರ ಅರ್ಥವಾಗದೆ ಯಾರಾದರೂ ಬಂದರೆ ಜೊತೆಗೆ ಕೂತು ಓದಿಕೊಡುತ್ತೇನೆ. ಈ ದಂಪತಿ ನನ್ನ ಹತ್ತಿರ ಬಂದಾಗ ಪ್ರಕರಣ ಅರ್ಧ ದಾರಿ ದಾಟಿತ್ತು.

ಹಿನ್ನೆಲೆ

ಹೆಂಡತಿ ಅನುದಾನಿತ ಹೈಸ್ಕೂಲಿನಲ್ಲಿ ಟೀಚರ್. ಗಂಡ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುವವರು. ಸಾಲದ ಓಡಾಟ ಹೆಚ್ಚಾಗಿ ಹೆಂಡತಿಯದ್ದೇ. ಹಾಗಾಗಿ ಇಲ್ಲಿ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ಮದುವೆಯಾದಂದಿನಿಂದ ಬಾಡಿಗೆ ಮನೆ. ಮಹಾನಗರ ಪಾಲಿಕೆ ವ್ಯಾಪ್ತಿಯ ಹಳೇ ವಠಾರದಲ್ಲಿ ಆರು ಸೆಂಟ್ಸ್ ಜಾಗ, ಹಂಚಿನ ಮನೆ, ಹಿಂದಕ್ಕೆ ತಾರಸಿ ಹಾಕಿದ ಎರಡು ಕೋಣೆ, ಬೇಸಿಗೆಯಲ್ಲೂ ಬತ್ತದ ಬಾವಿ ಸಿಕ್ಕಿತು. ಬೆಲೆ 62 ಲಕ್ಷಕ್ಕೆ ಕುದುರಿತು.

ಮಾರುವವರು ಎಪ್ಪತ್ತು ದಾಟಿದ ಹಿರಿಯರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಪುಣೆಯಲ್ಲಿರುವ ಮಗಳ ಮನೆಯ ಹತ್ತಿರವೇ ಒಂದು ಸಣ್ಣ ಫ್ಲ್ಯಾಟಿಗೆ ಮುಂಗಡ ಕೊಟ್ಟಿದ್ದರು. ಈ ಮನೆ ಮಾರಿದ ಹಣದಿಂದಲೇ ಅದರ ಬಾಕಿ ಕಟ್ಟಬೇಕು. ಅಂದರೆ ಇಲ್ಲಿ ತಡವಾದರೆ ಅಲ್ಲೂ ತಡ.

ಟೀಚರ್ ಸಾಲಕ್ಕೆ ಹೋದದ್ದು ಬ್ಯಾಂಕಿಗಲ್ಲ, ಮುಖ್ಯವಾಗಿ ಮನೆ ಸಾಲ ಕೊಡುವ ಹೌಸಿಂಗ್ ಫೈನಾನ್ಸ್ ಕಂಪನಿಗೆ. ಕಾರಣ ಸರಳ. ಕಂಪನಿಯ ಹುಡುಗ ಮನೆಗೇ ಬಂದು ದಾಖಲೆ ತೆಗೆದುಕೊಂಡು ಹೋದ. ವಾರದೊಳಗೆ 45 ಲಕ್ಷದ ಸ್ಯಾಂಕ್ಷನ್ ಲೆಟರ್ (ಸಾಲ ಮಂಜೂರಾತಿ ಪತ್ರ) ಕೈಗೆ ಬಂತು. ಅದನ್ನು ನಂಬಿ ಹಿರಿಯರ ಜೊತೆ ಕರಾರು ಮಾಡಿಕೊಂಡರು. 6 ಲಕ್ಷ ಮುಂಗಡ, ಮೂರು ತಿಂಗಳ ಗಡುವು. ಗಡುವಿನೊಳಗೆ ಕೊಳ್ಳುವವರು ರಿಜಿಸ್ಟ್ರೇಶನ್‌ಗೆ ಬಾರದಿದ್ದರೆ ಮುಂಗಡ ವಾಪಸಿಲ್ಲ.

ಈ ಪ್ರಕರಣದ ಮೊದಲ ತಿರುವು ಇಲ್ಲೇ ಇದೆ. ಆ ಸ್ಯಾಂಕ್ಷನ್ ಲೆಟರಿನ ಎರಡನೇ ಪುಟದಲ್ಲಿ ಒಂದು ಸಾಲಿತ್ತು: ಆಸ್ತಿಯ ಕಾನೂನು ಮತ್ತು ತಾಂತ್ರಿಕ ಪರಿಶೀಲನೆಗೆ ಒಳಪಟ್ಟು. ಅಂದರೆ ಅವರು ಒಪ್ಪಿದ್ದು ಗಂಡ-ಹೆಂಡತಿಯ ಸಂಬಳವನ್ನು, ಮನೆಯನ್ನಲ್ಲ. ಜಾಗದ ದಾಖಲೆ ಇನ್ನೂ ಯಾರೂ ಬಿಚ್ಚಿ ನೋಡಿರಲಿಲ್ಲ. ಹಳೇ ಜಾಗ ಕೊಳ್ಳುವವರಿಗೆ ನಾನು ಯಾವಾಗಲೂ ಹೇಳುವುದು ಇದೇ. ಕರಾರಿನ ಗಡುವು ಸಹಿ ಹಾಕಿದ ದಿನದಿಂದ ಶುರುವಾಗಬಾರದು, ಸಾಲ ಕೊಡುವವರು ಲೀಗಲ್ ಒಪ್ಪಿಗೆ ಕೊಟ್ಟ ದಿನದಿಂದ ಶುರುವಾಗಬೇಕು. ಹಕ್ಕುಪತ್ರದ ಕಾರಣಕ್ಕೆ ಸಾಲ ನಿರಾಕರಿಸಿದರೆ ಮುಂಗಡ ವಾಪಸು ಅಂತಲೂ ಬರೆಸಿಕೊಳ್ಳಬೇಕು. ಮಾರುವವರು ಒಪ್ಪದಿದ್ದರೆ ಮುಂಗಡವನ್ನಾದರೂ ಕಡಿಮೆ ಮಾಡಿ.

ಸಮಸ್ಯೆ

ಕರಾರಾದ ಮೇಲೆ ಮನೆಗೆ ಬಂದಿದ್ದ ಹುಡುಗ ಫೋನ್ ಎತ್ತುವುದು ಕಡಿಮೆಯಾಯಿತು. ಆತ ಸೇಲ್ಸ್ ವಿಭಾಗದವನು, ಸ್ಯಾಂಕ್ಷನ್ ಆದಲ್ಲಿಗೆ ಅವನ ಕೆಲಸ ಮುಗಿದಿತ್ತು. ಇದನ್ನು ಯಾರೂ ಟೀಚರಿಗೆ ಹೇಳಲಿಲ್ಲ. ಅವನ ಜಾಗಕ್ಕೆ ಇನ್ನೊಬ್ಬರು ಬಂದರು, ಆಮೇಲೆ ಮತ್ತೊಬ್ಬರು. ಪ್ರತಿಯೊಬ್ಬರೂ ಇ.ಸಿ. (ಆಸ್ತಿಯ ಮೇಲಿನ ಋಣ, ವ್ಯವಹಾರ ತೋರಿಸುವ ಪತ್ರ), ಇ-ಖಾತಾ, ತೆರಿಗೆ ರಶೀದಿ, ಹಳೇ ಕ್ರಯಪತ್ರದ ಪ್ರತಿ ಎಲ್ಲವನ್ನೂ ಹೊಸದಾಗಿ ಕೇಳಿದರು. ಕೇಳುವುದೂ ಒಟ್ಟಿಗಲ್ಲ, ಒಂದು ಕೊಟ್ಟ ಮೇಲೆ ಇನ್ನೊಂದು.

"ಇವತ್ತು ಸಂಜೆಯೊಳಗೆ ಆಗ್ತದೆ ಮೇಡಂ." ವಾಟ್ಸ್‌ಆ್ಯಪಿನಲ್ಲಿ ಈ ಮಾತು ಎಷ್ಟೋ ಸಲ ಬಂದಿದೆ. ಆಗಲಿಲ್ಲ ಅನ್ನುವುದಕ್ಕಿಂತ, ಯಾಕೆ ಆಗಲಿಲ್ಲ ಅಂತ ಯಾರೂ ಹೇಳಲಿಲ್ಲ ಅನ್ನುವುದೇ ಅವರಿಗೆ ಜಾಸ್ತಿ ನೋವು ಕೊಟ್ಟದ್ದು. ಶಾಖೆಗೆ ಹೋದರೆ "ಫೈಲ್ ಲೀಗಲ್‌ನಲ್ಲಿದೆ". ಲೀಗಲ್ ಎಲ್ಲಿದೆ? ಬೇರೆ ಊರಿನಲ್ಲಿ. ಅವರ ನಂಬರ್? "ಅದು ಕಸ್ಟಮರಿಗೆ ಕೊಡುವಂತಿಲ್ಲ." ಕಾಲ್ ಸೆಂಟರಿಗೆ ದೂರು ಕೊಟ್ಟರೆ ಮಾರನೇ ದಿನ ಎಸ್ಸೆಮ್ಮೆಸ್: ನಿಮ್ಮ ದೂರು ಪರಿಹಾರವಾಗಿದೆ. ಪರಿಹಾರ ಏನು ಅಂತ ಮಾತ್ರ ಇಲ್ಲ.

ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ: ಇಷ್ಟು ಬ್ಯಾಂಕುಗಳು ಹುಟ್ಟಿದ ಊರುಗಳು ಮಂಗಳೂರು, ಉಡುಪಿ. ಇಲ್ಲಿನವರಿಗೆ ಮ್ಯಾನೇಜರ ಎದುರು ಕೂತು ಸಾಲದ ಮಾತಾಡಿ ಅಭ್ಯಾಸ. ಎದುರು ಕೂತವರೇ ನಿರ್ಧಾರ ಮಾಡುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಟೀಚರ್ ಕೂಡ ಶಾಲೆ ಬಿಟ್ಟ ಮೇಲೆ ಆ ಶಾಖೆಗೇ ಹೋಗಿ ಹೋಗಿ ಕೂತರು. ಅಲ್ಲಿ ಮಾತಾಡುವವರಿಗೆ ನಿರ್ಧಾರ ಮಾಡುವ ಅಧಿಕಾರವಿರಲಿಲ್ಲ. ನಿರ್ಧಾರ ಮಾಡುವವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಮಾರ್ಚ್ ಹೊತ್ತಿಗೆ ಶಾಖೆಯ ಒಬ್ಬರು ಬಾಯಿಮಾತಿನಲ್ಲಿ ಕಾರಣ ಹೇಳಿದರು. "ನಿಮ್ಮದು ಲೀಸ್ ಜಾಗವಂತೆ ಮೇಡಂ. ಓನರ್ ಎನ್‌ಒಸಿ ಬೇಕಂತೆ." ಎನ್‌ಒಸಿ ಅಂದರೆ ಜಾಗದ ಒಡೆಯರ ಅಭ್ಯಂತರವಿಲ್ಲ ಎಂಬ ಪತ್ರ.

ಇದು ನಮ್ಮ ಕರಾವಳಿಯ ವಿಷಯ, ಸ್ವಲ್ಪ ಬಿಡಿಸಿ ಹೇಳಬೇಕು. ಮಂಗಳೂರು, ಉಡುಪಿಯ ಎಷ್ಟೋ ಹಳೇ ಮನೆ ಜಾಗಗಳು ಮೂಲಗೇಣಿಯವು. ಒಡೆಯ ಒಬ್ಬ, ಕಾಯಂ ಗೇಣಿಯಲ್ಲಿ ಅನುಭವಿಸುವವನು ಇನ್ನೊಬ್ಬ. ವಾಯಿದೆ ಮುಗಿಯುವ ಗುತ್ತಿಗೆ ಇದಲ್ಲ. ಮಕ್ಕಳು ಮೊಮ್ಮಕ್ಕಳಿಗೆ ಹೋಗುತ್ತದೆ. ಮೂಲಗೇಣಿದಾರರು ಒಡೆಯರಿಂದ ಮೂಲಿ ಹಕ್ಕನ್ನೂ (ಅಂದರೆ ಒಡೆಯರ ಹಕ್ಕನ್ನೂ) ರಿಜಿಸ್ಟರ್ ಪತ್ರದ ಮೂಲಕ ಕೊಂಡುಕೊಂಡರೆ ಎರಡು ಹಕ್ಕೂ ಒಬ್ಬರ ಕೈಯಲ್ಲೇ ಸೇರಿ ಪೂರ್ತಿ ಒಡೆತನವಾಗುತ್ತದೆ. ಈ ಹಿರಿಯರ ತಂದೆ ಮೂಲಗೇಣಿ ಹಕ್ಕು ಕೊಂಡಿದ್ದರು. ವರ್ಷಗಳ ನಂತರ ಒಡೆಯರ ಮನೆಯವರಿಂದ ಮೂಲಿ ಹಕ್ಕನ್ನೂ ಕೊಂಡಿದ್ದರು. ಎರಡೂ ಪತ್ರ ಮೊದಲ ದಿನದಿಂದಲೇ ಕಂಪನಿಯ ಫೈಲಿನಲ್ಲಿದ್ದವು. ಆದರೆ ದೂರದ ಊರಿನಲ್ಲಿ ಕೂತು ಫೈಲ್ ನೋಡಿದವರು ಮೊದಲ ಪತ್ರ ಓದಿ ಗುತ್ತಿಗೆ ಜಾಗ ಅಂತ ಗುರುತು ಹಾಕಿದರು. ಎರಡನೆಯದನ್ನು ಅದಕ್ಕೆ ಜೋಡಿಸಿ ನೋಡಲಿಲ್ಲ.

ಮಾಡಿದ ಪ್ರಯತ್ನಗಳು

ಬೇಸತ್ತು ಟೀಚರ್, ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಕೊಟ್ಟರು. ಅದು ಪರಿಗಣಿಸಲು ಬರುವುದಿಲ್ಲ ಅಂತ ಮುಚ್ಚಿಹೋಯಿತು. ಅದನ್ನು ಕಂಡು ಅವರು ಪೂರ್ತಿ ಕೈಚೆಲ್ಲಿದ್ದರು. ನನ್ನ ಹತ್ತಿರ ಬಂದದ್ದು ಆಗ.

ಇಲ್ಲಿ ಅನೇಕರು ಎಡವುತ್ತಾರೆ. ಆಗಿದ್ದ 2021ರ ಒಂಬುಡ್ಸ್‌ಮನ್ ಯೋಜನೆಯಲ್ಲಿ ಬ್ಯಾಂಕುಗಳು ಬರುತ್ತಿದ್ದವು, ಬ್ಯಾಂಕಲ್ಲದ ಹಣಕಾಸು ಕಂಪನಿಗಳಾದ ಹಲವು ಎನ್‌ಬಿಎಫ್‌ಸಿಗಳೂ ಬರುತ್ತಿದ್ದವು. ಹೌಸಿಂಗ್ ಫೈನಾನ್ಸ್ ಕಂಪನಿಗಳನ್ನು ಮಾತ್ರ ಹೊರಗಿಟ್ಟಿದ್ದರು. 2019ರ ಆಗಸ್ಟ್‌ನಿಂದ ಈ ಕಂಪನಿಗಳಿಗೆ ನಿಯಮ ಮಾಡುವುದು ರಿಸರ್ವ್ ಬ್ಯಾಂಕೇ ಆದರೂ ದೂರು ಹೋಗಬೇಕಾದದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ. ಅದರ ದೂರು ಪೋರ್ಟಲ್‌ನ ಹೆಸರು ಗ್ರಿಡ್ಸ್. ಅದಕ್ಕೂ ಮೊದಲು ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಬರೆದು ಒಂದು ತಿಂಗಳು ಕಾಯಬೇಕು. ಸಾಲ ಕೊಡುವವರು ಬ್ಯಾಂಕೋ ಹೌಸಿಂಗ್ ಫೈನಾನ್ಸ್ ಕಂಪನಿಯೋ ಅಂತ ಅರ್ಜಿ ಹಾಕುವ ಮೊದಲೇ ತಿಳಿದುಕೊಂಡಿದ್ದರೆ ಈ ಓಡಾಟ ಉಳಿಯುತ್ತದೆ. ಹೆಸರು ನೋಡಿದರೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ಒಂದು ಬ್ಯಾಂಕಿನ ಹೆಸರಿಟ್ಟುಕೊಂಡ ಹೌಸಿಂಗ್ ಫೈನಾನ್ಸ್ ಕಂಪನಿಯೂ ಬೇರೆಯೇ ಕಂಪನಿಯಾಗಿರುತ್ತದೆ.

ಇವರನ್ನು ಬಿಟ್ಟು ಬೇರೆ ಕಡೆ ಸಾಲ ಮಾಡೋಣವಾ ಅಂತ ಟೀಚರ್ ಕೇಳಿದರು. ಸುಲಭದ ನಿರ್ಧಾರವಲ್ಲ. ಕಟ್ಟಿದ ಲಾಗಿನ್ ಫೀಸ್ (ಅರ್ಜಿ ಶುಲ್ಕ) ಹೋಗುತ್ತದೆ, ಸಮಯವೂ ಹೋಗುತ್ತದೆ. ಮೂಲಗೇಣಿಯ ಪ್ರಶ್ನೆ ಅಲ್ಲೂ ಏಳಬಹುದು. ಹಾಗಾಗಿ ಮೊದಲು ದಾಖಲೆ ನಿಜಕ್ಕೂ ಸರಿ ಇದೆಯಾ ಅಂತ ನೋಡಿಕೊಳ್ಳಲು ಹೇಳಿದೆ. ಅವರು ಎರಡೂ ಪತ್ರದ ಪ್ರತಿ ಹಿಡಿದು ತಮ್ಮ ಸಂಬಳದ ಖಾತೆ ಇರುವ ಬ್ಯಾಂಕಿಗೆ ಹೋದರು. ಅಲ್ಲಿನ ಮ್ಯಾನೇಜರ್ ಊರಿನವರೇ. ನೋಡಿದ ಕೂಡಲೇ, "ಮೂಲಿ ಹಕ್ಕಿನ ಪತ್ರ ಇದೆಯಲ್ವಾ, ಮತ್ತೆ ತೊಂದರೆ ಎಂಥದ್ದು?" ಅಂದರಂತೆ. ಜಾಗದಲ್ಲಿ ದೋಷವಿಲ್ಲ, ಓದಿದವರಲ್ಲಿ ಇದೆ ಅಂತ ಗಟ್ಟಿಯಾದ ಮೇಲೆ ಟೀಚರ ದನಿಯೇ ಬದಲಾಯಿತು. ಬೇಡುವುದನ್ನು ಬಿಟ್ಟು ಕೇಳಲು ಶುರುಮಾಡಿದರು.

ಮುಂದಿನ ಹೆಜ್ಜೆ ಕಂಪನಿಯ ಪ್ಯಾನೆಲ್ ವಕೀಲರದ್ದು. ಜಾಗದ ಕಾನೂನು ವರದಿ ಬರೆದುಕೊಟ್ಟವರು ಇವರೇ, ಮಂಗಳೂರಿನವರೇ. ಅವರ ಫೀಸನ್ನು ಕಂಪನಿ ವಸೂಲು ಮಾಡಿದ್ದು ಟೀಚರಿಂದ, ಆದರೆ ವರದಿ ಟೀಚರಿಗೆ ತೋರಿಸಿರಲಿಲ್ಲ. ಟೀಚರ ಜೊತೆ ಅವರ ಆಫೀಸಿಗೆ ನಾನೂ ಹೋದೆ. ವಕೀಲರು ತಮ್ಮ ಪ್ರತಿ ತೆಗೆದು, ನಮಗೆ ಕೊಡದೆ, ನಾಲ್ಕನೇ ಪುಟದ ಮೇಲೆ ಬೆರಳಿಟ್ಟು ಓದಿದರು. ಮೂಲಗೇಣಿ ಪತ್ರದ ನಂಬರು, ವರ್ಷ. ಅದರ ಕೆಳಗೇ ಮೂಲಿ ಹಕ್ಕಿನ ಪತ್ರದ ನಂಬರು, ವರ್ಷ. ಕೊನೆಯಲ್ಲಿ, ಮಾರುವವರಿಗೆ ಸಂಪೂರ್ಣ ಹಕ್ಕಿದೆ ಎಂಬ ಅಭಿಪ್ರಾಯ. "ನಾನು ಬರೆದುಕೊಟ್ಟು ತಿಂಗಳಾಯಿತು. ಮತ್ತೆ ನನ್ನನ್ನು ಯಾರೂ ಕೇಳಲಿಲ್ಲ" ಅಂದರು. ಟೀಚರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಷ್ಟು ವಾರ ಅವರು ಎಲ್ಲೆಲ್ಲೋ ಹುಡುಕುತ್ತಿದ್ದ ಉತ್ತರ ಕಂಪನಿಯ ಬಳಿಯೇ ಇತ್ತು.

ಕಂಪನಿಯವರು ಲಿಖಿತವಾಗಿ ಪ್ರಶ್ನೆ ಕಳಿಸಿದರೆ ಅವತ್ತೇ ಉತ್ತರ ಕೊಡುತ್ತೇನೆ, ಆದರೆ ಪ್ರಶ್ನೆ ಅವರಿಂದಲೇ ಬರಬೇಕು ಅಂದರು ವಕೀಲರು.

ಅವತ್ತು ರಾತ್ರಿ ಟೀಚರ್ ಬರೆದ ಇಮೇಲ್ ಒಂದೇ ಪುಟದ್ದು. ಶಾಖೆಗೆ, ದೂರು ಪರಿಹಾರ ಅಧಿಕಾರಿಗೆ, ಇಬ್ಬರಿಗೂ ಹೋಯಿತು. ಅದರಲ್ಲಿ ಸಿಟ್ಟಿನ ಮಾತಿರಲಿಲ್ಲ. ಅರ್ಜಿ ನಂಬರ್, ಸ್ಯಾಂಕ್ಷನ್ ತಾರೀಖು, ಕರಾರಿನ ಗಡುವು ಮುಗಿಯುವ ತಾರೀಖು. ಲೀಗಲ್ ವಿಭಾಗದ ಎಲ್ಲಾ ಆಕ್ಷೇಪಗಳನ್ನು ಒಂದೇ ಸಲ ಬರಹದಲ್ಲಿ ಕೊಡಿ. ಆ ಆಕ್ಷೇಪವನ್ನು ನಿಮ್ಮದೇ ಪ್ಯಾನೆಲ್ ವಕೀಲರಿಗೂ ಕಳಿಸಿ, ವರದಿಯ ನಾಲ್ಕನೇ ಪುಟ ನೋಡಿ. ಸಾಲ ಕೊಡಲಾಗದಿದ್ದರೆ ಕಾರಣ ಬರೆದುಕೊಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ದೂರು ಕೊಡುತ್ತೇನೆ. ಇಷ್ಟೇ. ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೊಡಬೇಕು ಎನ್ನುವುದು ಈ ಕಂಪನಿಗಳಿಗೆ ಇರುವ ನ್ಯಾಯಯುತ ವ್ಯವಹಾರ ಸಂಹಿತೆಯಲ್ಲೇ ಇದೆ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ವ್ಯವಹರಿಸಬೇಕು ಅಂತಲೂ ಇದೆ.

ನನ್ನ ಅನುಭವದಲ್ಲಿ ಫೋನಿನಲ್ಲಿ ಜಗಳ ಮಾಡಿದವರಿಗಿಂತ ತಾರೀಖು ಹಾಕಿ ಬರೆದವರ ಫೈಲ್ ಬೇಗ ಕದಲುತ್ತದೆ. ಫೋನ್ ಎತ್ತುವವರಿಗೆ ಆ ಜಗಳವನ್ನು ಮೇಲಕ್ಕೆ ದಾಟಿಸುವ ದಾರಿಯೇ ಇರುವುದಿಲ್ಲ. ಇಮೇಲನ್ನು ಅವರು ಮುಂದಕ್ಕೆ ಕಳಿಸಬಹುದು.

ಆದದ್ದೇನು

ಒಂದು ವಾರದಲ್ಲಿ ಆಕ್ಷೇಪ ಬರಹದಲ್ಲಿ ಬಂತು. ಇದ್ದದ್ದು ಒಂದೇ, ಮೂಲಗೇಣಿಯದ್ದು. ವಕೀಲರು ಮಾತು ಉಳಿಸಿಕೊಂಡರು. ಏಪ್ರಿಲ್ ಮೊದಲ ವಾರ ಲೀಗಲ್ ಒಪ್ಪಿಗೆ ಸಿಕ್ಕಿತು.

ಆಮೇಲೆ ಇನ್ನೊಂದು ಪೆಟ್ಟು. ಮನೆಯ ಮೌಲ್ಯಮಾಪನ ಯಾವಾಗಲೋ ಆಗಿತ್ತು, ಅದರ ಫಲಿತಾಂಶ ಹೇಳಿದ್ದು ಈಗ. ಹಳೇ ಕಟ್ಟಡವಾದ್ದರಿಂದ 54 ಲಕ್ಷ ಅಂತ ಹಾಕಿದ್ದರು. 30 ಲಕ್ಷ ದಾಟಿ 75 ಲಕ್ಷದವರೆಗಿನ ಮನೆ ಸಾಲ ಮೌಲ್ಯದ ಶೇ. 80ನ್ನು ಮೀರುವಂತಿಲ್ಲ. ಲೆಕ್ಕ ಹಾಕಿದರೆ 43.2 ಲಕ್ಷ. 45 ಲಕ್ಷದ ಭರವಸೆಯಲ್ಲಿ 1.8 ಲಕ್ಷ ಕಡಿಮೆಯಾಯಿತು. ಸ್ಟಾಂಪ್ ಡ್ಯೂಟಿ, ನೋಂದಣಿ ಶುಲ್ಕವೂ ಕೈಯಿಂದಲೇ ಹೋಗಬೇಕು. ಆಗಿನ ದರದಲ್ಲಿ ಸೆಸ್, ಸರ್‌ಚಾರ್ಜ್ ಸೇರಿ ಶೇ. 6.6, ಅಂದರೆ 4 ಲಕ್ಷದ ಮೇಲೆ. (2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ, ಈಗ ಕೊಳ್ಳುವವರು ಅದನ್ನೂ ಸೇರಿಸಿಕೊಳ್ಳಿ.) ಟೀಚರ್ ಬಳೆ ಸೊಸೈಟಿಯಲ್ಲಿ ಅಡವಿಟ್ಟು ಆ ಕೊರತೆ ತುಂಬಿದರು. ಈ ಸುದ್ದಿಯನ್ನು ಫೆಬ್ರವರಿಯಲ್ಲೇ ಹೇಳಿದ್ದರೆ ನಾಲ್ಕು ಕಡೆ ಕೇಳಿ ಹೊಂದಿಸಿಕೊಳ್ಳಲು ಸಮಯವಿರುತ್ತಿತ್ತು. ಬಳೆ ಮನೆಯಲ್ಲೇ ಇರುತ್ತಿತ್ತು.

ಕರಾರಿನ ಗಡುವು ಹತ್ತಿರವಾಗಿತ್ತು. ಅದು ಮುಗಿಯುವ ಮೊದಲೇ ಹಿರಿಯರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಇಮೇಲುಗಳನ್ನೂ ತೋರಿಸಿ, ಒಂದು ತಿಂಗಳ ವಿಸ್ತರಣೆಯನ್ನು ಸ್ಟಾಂಪ್ ಪೇಪರಿನ ಮೇಲೆ ಬರೆಸಿಕೊಂಡರು. ಪುಣೆಯ ಫ್ಲ್ಯಾಟಿನವರು ತಡಕ್ಕೆ ಬಡ್ಡಿ ಕೇಳಿದ್ದರು. ಅದರಲ್ಲಿ ಅರ್ಧ ತಾವು ಕೊಡುತ್ತೇವೆ ಅಂತ ಟೀಚರ್ ದಂಪತಿ ತಾವಾಗಿಯೇ ಒಪ್ಪಿಕೊಂಡರು. ಇದು ಕಂಪನಿ ಭರಿಸಬೇಕಾಗಿದ್ದ ನಷ್ಟ. ಆದರೂ ಮಾರುವವರ ವಿಶ್ವಾಸ ಉಳಿದದ್ದು ಅದರಿಂದಲೇ.

ಸಾಲದ ಕರಾರಿಗೆ ಸಹಿ ಹಾಕುವ ದಿನ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಟ್ಟರು. 2024ರ ಅಕ್ಟೋಬರ್ 1ರ ನಂತರದ ಹೊಸ ಮನೆ ಸಾಲಗಳಿಗೆಲ್ಲ ಇದು ಕಡ್ಡಾಯ. ಬಡ್ಡಿ, ಎಲ್ಲಾ ಶುಲ್ಕ, ಒಟ್ಟು ವೆಚ್ಚದ ವಾರ್ಷಿಕ ದರ ಅದರಲ್ಲಿರಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರರ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಓದಿ ನಿರ್ಧರಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಇವರಿಗೆ ಅಲ್ಲೇ ಸಹಿ ಹಾಕಿ ಅಂದರು. ಟೀಚರ್ ಹಾಕದೆ ಮನೆಗೆ ತಂದು ಸಾಲು ಸಾಲಾಗಿ ಓದಿದರು. ಸಾಲ ರಕ್ಷಣೆಯ ವಿಮೆ ಅಂತ ಒಂದೂವರೆ ಲಕ್ಷಕ್ಕೂ ಮೇಲಿನ ಒಂದು ಸಾಲಿತ್ತು. ಯಾರೂ ಅದರ ಬಗ್ಗೆ ಮಾತಾಡಿರಲಿಲ್ಲ. ಕೇಳಿದ್ದಕ್ಕೆ "ಕಂಪಲ್ಸರಿ ಮೇಡಂ" ಅಂದರು. ಮನೆ ಸಾಲಕ್ಕೆ ಜೀವ ವಿಮೆ ಮಾಡಿಸಲೇಬೇಕು ಎಂಬ ಸರಕಾರಿ ನಿಯಮ ಇಲ್ಲ. ಯಾವ ನಿಯಮ ಅಂತ ಬರೆದುಕೊಡಿ ಅಂದ ಮೇಲೆ ಆ ಸಾಲು ಹೋಯಿತು. ವಿಮೆ ಬೇಡ ಅಂತ ನಾನು ಹೇಳುವುದಿಲ್ಲ. ಅವರು ಆಮೇಲೆ ಬೇರೆಯಾಗಿ ಟರ್ಮ್ ಪಾಲಿಸಿ ಮಾಡಿಸಿಕೊಂಡರು.

ರಿಜಿಸ್ಟ್ರೇಶನ್ ದಿನ ಅತ್ಯಂತ ಕೆಟ್ಟ ಘಟ್ಟ ಬಂತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಮಯ ನಿಗದಿಯಾಗಿತ್ತು. ಹಿರಿಯರ ಮಗಳು ಪುಣೆಯಿಂದ ಬಂದಿದ್ದರು. ಟೀಚರ್ ಶಾಲೆಗೆ ರಜೆ ಹಾಕಿದ್ದರು. ಸಬ್ ರಿಜಿಸ್ಟ್ರಾರ್ ಆಫೀಸಿನ ಬಾಗಿಲಲ್ಲಿ ಕಂಪನಿಯ ಪ್ರತಿನಿಧಿ ಬರಿಗೈಯಲ್ಲಿ ನಿಂತಿದ್ದರು. ಸಾಲದ ಹಣದ ಡಿ.ಡಿ. ಕೊರಿಯರಿನಲ್ಲಿ ಬರುತ್ತಿದೆಯಂತೆ. "ಈಗ ರಿಜಿಸ್ಟ್ರಿ ಮಾಡಿಬಿಡಿ ಸರ್, ಡಿ.ಡಿ. ನಾಳೆ ಕೊಡ್ತೇವೆ" ಅಂದರು.

ಹಿರಿಯರು ಟೀಚರ ಗಂಡನ ಕಡೆ ತಿರುಗಿ, "ಎಂಥ ಮಾರಾಯ್ರೆ ಇದು? ಹಣ ಕಾಣದೆ ನಾನು ಸಹಿ ಹಾಕುವುದು ಹೇಗೆ?" ಅಂದರು. ಮಗಳಿಗೆ ಸಿಟ್ಟು ಬಂದಿತ್ತು, ಕರಾರು ರದ್ದು ಮಾಡೋಣ ಅಂದರು. ಟೀಚರ್ ಹಿರಿಯರಿಗೆ, "ನೀವು ಸಹಿ ಹಾಕಬೇಡಿ ಮಾಮ, ನಮಗಾಗಿಯೂ ಹಾಕಬೇಡಿ" ಅಂದರು. ಅದೇ ಸರಿ. ಮಾರುವವರು ಡಿ.ಡಿ. ಕಣ್ಣಾರೆ ನೋಡದೆ ಕ್ರಯಪತ್ರಕ್ಕೆ ಸಹಿ ಹಾಕಬಾರದು. ಯಾರ ಒತ್ತಾಯಕ್ಕೂ ಹಾಕಬಾರದು. ಟೀಚರ್ ಹಾಗೆ ಹೇಳಿದ್ದಕ್ಕೇ ಮಗಳ ಸಿಟ್ಟು ಇಳಿಯಿತು ಅಂತ ಆಮೇಲೆ ಹಿರಿಯರೇ ನನಗೆ ಹೇಳಿದರು. ಮುಂದಿನ ವಾರ ಇನ್ನೊಂದು ಸಮಯ ತೆಗೆದು, ಡಿ.ಡಿ. ಮೇಜಿನ ಮೇಲೆ ಇಟ್ಟುಕೊಂಡೇ ರಿಜಿಸ್ಟ್ರೇಶನ್ ಮುಗಿಸಿದರು.

ಆ ಡಿ.ಡಿ.ಯ ಮೇಲಿದ್ದ ತಾರೀಖನ್ನು ಟೀಚರ ಗಂಡ ಗಮನಿಸಿದರು. ಕೈಗೆ ಬಂದದ್ದಕ್ಕಿಂತ 11 ದಿನ ಹಿಂದಿನದು. ಮೊದಲ ಲೆಕ್ಕಪತ್ರ ಬಂದಾಗ ಬಡ್ಡಿ ಆ ತಾರೀಖಿನಿಂದಲೇ ಓಡಿತ್ತು. ಶೇ. 8.75ರ ದರದಲ್ಲಿ 43.2 ಲಕ್ಷಕ್ಕೆ ದಿನಕ್ಕೆ ಸಾವಿರ ರೂಪಾಯಿಗೂ ಜಾಸ್ತಿ. ಹಣ ಕಂಪನಿಯ ಬಳಿಯೇ ಇದ್ದ ದಿನಗಳ ಬಡ್ಡಿ ಇದು. ಹೀಗೆ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಚೆಕ್ಕಿನ ತಾರೀಖಿನಿಂದ ಬಡ್ಡಿ ಹಾಕಿ, ಚೆಕ್ಕನ್ನು ಎಷ್ಟೋ ದಿನ ಬಿಟ್ಟು ಕೊಡುವ ಪದ್ಧತಿಯನ್ನು ಅದರಲ್ಲೇ ಉದಾಹರಿಸಿದೆ. ಕಂಪನಿಗೆ ಬರೆದರೆ "ನಮ್ಮಲ್ಲಿ ಪದ್ಧತಿ ಹೀಗೇ" ಎಂಬ ಉತ್ತರ ಬಂತು. ಈ ಸಲ ಟೀಚರಿಗೆ ದಾರಿ ಗೊತ್ತಿತ್ತು. ಆ ಉತ್ತರವನ್ನೇ ಲಗತ್ತಿಸಿ ಗ್ರಿಡ್ಸ್‌ನಲ್ಲಿ ದೂರು ಹಾಕಿದರು. ಡಿ.ಡಿ. ಪಡೆದ ದಿನ ಹಿರಿಯರು ಸಹಿ ಹಾಕಿದ ರಶೀದಿಯ ಫೋಟೋ ಪುರಾವೆಯಾಯಿತು. ಕೆಲವು ವಾರಗಳಲ್ಲಿ 11 ದಿನದ ಬಡ್ಡಿ ಸಾಲದ ಖಾತೆಗೆ ಜಮಾ ಆಯಿತು.

ಎಲ್ಲವೂ ವಾಪಸು ಬರಲಿಲ್ಲ. ಹೆಚ್ಚುವರಿ ಬಾಡಿಗೆ, ಪುಣೆಯ ಬಡ್ಡಿಯ ಅರ್ಧ, ಹಿರಿಯರ ಮಗಳ ಎರಡು ಸಲದ ಪ್ರಯಾಣ, ಇವಕ್ಕೆ ಯಾರೂ ಲೆಕ್ಕ ಕೊಡಲಿಲ್ಲ. ತಪ್ಪಾಯಿತು ಎಂಬ ಒಂದು ಮಾತೂ ಕಂಪನಿಯಿಂದ ಬರಲಿಲ್ಲ. ಆ ಮಾತು ಬಂದಿದ್ದರೆ ಉಳಿದದ್ದನ್ನು ಮರೆಯುತ್ತಿದ್ದೆ ಅಂತ ಟೀಚರ್ ಇವತ್ತಿಗೂ ಹೇಳುತ್ತಾರೆ.

ಕೊನೆಯ ಕೆಲಸ ಮೂಲ ದಾಖಲೆಗಳದ್ದು. ಕಂಪನಿ ಕೊಟ್ಟ ದಾಖಲೆ ಪಟ್ಟಿಯಲ್ಲಿ ಹೊಸ ಕ್ರಯಪತ್ರದ ವಿವರ ಸರಿಯಾಗಿತ್ತು. ಹಿಂದಿನವಕ್ಕೆ "ಹಳೇ ದಾಖಲೆಗಳು, 1 ಸೆಟ್" ಅಂತಷ್ಟೇ ಇತ್ತು. ಸಾಲ ತೀರಿದ 30 ದಿನದೊಳಗೆ ಮೂಲ ದಾಖಲೆ ವಾಪಸು ಕೊಡಬೇಕು, ತಮ್ಮಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ, 2023ರ ಡಿಸೆಂಬರ್ 1ರಿಂದ. ಆದರೆ ಏನೇನು ಕೊಟ್ಟಿದ್ದೆವು ಅನ್ನುವುದಕ್ಕೇ ದಾಖಲೆ ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ಯಾರನ್ನು ಕೇಳುವುದು? ಟೀಚರ್ ಆ ಪಟ್ಟಿಯನ್ನು ವಾಪಸು ಕಳಿಸಿದರು. ಮೂಲಗೇಣಿ ಪತ್ರ, ಮೂಲಿ ಹಕ್ಕಿನ ಪತ್ರ, ಎರಡನ್ನೂ ನಂಬರು, ವರ್ಷ, ಪುಟಗಳ ಸಂಖ್ಯೆ ಹಾಕಿ ಬೇರೆ ಬೇರೆ ಸಾಲಿನಲ್ಲಿ ಬರೆಸಿ, ಶಾಖೆಯ ಸೀಲು ಸಹಿ ಹಾಕಿಸಿಕೊಂಡೇ ಮನೆಗೆ ಬಂದರು.